ಕುಟುಂಬ ಚಿಕಿತ್ಸೆ ಮತ್ತು ವೈಯಕ್ತಿಕ ಆಪ್ತಸಮಾಲೋಚನೆ: ಸಾರ್ವಜನಿಕರಿಗೆ ಮಾಹಿತಿ

2021ರಲ್ಲಿ ವಿಜಯನಗರ ಜಿಲ್ಲೆಯು ರಚನೆಯಾಗುವ ಮುನ್ನ ಗುಡೇಕೋಟೆಯು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಆರೋಗ್ಯ ಸೇವೆಯನ್ನು ಒದಗಿಸುವ ಪ್ರಯೋಗ ಕೈಗೊಂಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಈ ಸೇವೆಯನ್ನು ಕೋರುವವರು ಕೆಳಕಂಡ ವ್ಯತ್ಯಾಸವನ್ನು ತಿಳಿದಿರುವುದು ಸೂಕ್ತ.

ವೈಯಕ್ತಿಕ ಆಪ್ತಸಮಾಲೋಚನೆ
ಇದರಲ್ಲಿ ಒಬ್ಬ ವ್ಯಕ್ತಿಯು ಆಪ್ತಸಮಾಲೋಚಕರೊಡನೆ ಏಕಾಂತದಲ್ಲಿ ಮಾತನಾಡುತ್ತಾರೆ. ಆ ವ್ಯಕ್ತಿಯ ಆಲೋಚನೆ, ಭಾವನೆ ಹಾಗೂ ನಡವಳಿಕೆಗಳೇ ಚರ್ಚೆಯ ವಿಷಯ.

ಕುಟುಂಬ ಚಿಕಿತ್ಸೆ
ಇದರಲ್ಲಿ ಮನೆಯವರು ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಯಾರದು ತಪ್ಪು ಎಂದು ತೀರ್ಮಾನಿಸುವುದು ಇದರ ಉದ್ದೇಶವಲ್ಲ. ಸದಸ್ಯರ ನಡುವಿನ ಸಂಬಂಧ ಹಾಗೂ ಮಾತುಕತೆಯ ರೀತಿಯನ್ನು ಸರಿಪಡಿಸಲಾಗುತ್ತದೆ. ಇದು ಊರಿನ ಪಂಚಾಯಿತಿಯಂತೆ ತೀರ್ಪು ನೀಡುವ ವ್ಯವಸ್ಥೆಯಲ್ಲ.

ಉದಾಹರಣೆಗೆ, ತಂದೆತಾಯಿ ಗುಳೆ ಹೋದ ಬಳಿಕ ಅಜ್ಜಿಯ ಬಳಿ ಉಳಿದ ಬಾಲಕನು ಶಾಲೆ ಬಿಟ್ಟಿದ್ದಾನೆ ಎಂದು ಭಾವಿಸೋಣ. ವೈಯಕ್ತಿಕ ಸಮಾಲೋಚನೆಯಲ್ಲಿ ಅವನ ಭಯ, ಬೇಸರಗಳನ್ನು ಆಲಿಸಲಾಗುತ್ತದೆ. ಕುಟುಂಬ ಚಿಕಿತ್ಸೆಯಲ್ಲಿ ಅವನ ಹೊಣೆ ಯಾರದು, ತಂದೆತಾಯಿ ದೂರದಿಂದ ಹೇಗೆ ಸಂಪರ್ಕದಲ್ಲಿರಬೇಕು, ಅಜ್ಜಿಗೆ ಯಾವ ನೆರವು ಬೇಕು ಎಂಬುದನ್ನು ಎಲ್ಲರೂ ಕೂಡಿ ನಿರ್ಧರಿಸುತ್ತಾರೆ. ಅಗತ್ಯವಿದ್ದಲ್ಲಿ ಎರಡನ್ನೂ ಜೊತೆಯಾಗಿ ನೀಡಬಹುದು.

ಗೋಪ್ಯತೆ
ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರನ್ವಯ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕಿದೆ. ಆದರೆ ಕುಟುಂಬದ ಸಭೆಯಲ್ಲಿ ಆಡಿದ ಮಾತನ್ನು ಹಾಜರಿರುವ ಎಲ್ಲರೂ ಕೇಳುತ್ತಾರೆ. ಆದ್ದರಿಂದ ಎಲ್ಲರೆದುರು ಹೇಳಲಾಗದ ವಿಷಯವಿದ್ದಲ್ಲಿ, ಅದನ್ನು ಮೊದಲೇ ಪ್ರತ್ಯೇಕವಾಗಿ ತಿಳಿಸಲು ಅವಕಾಶ ಕೋರಬೇಕು.

ವಿಶೇಷ ಸೂಚನೆ
ಮನೆಯಲ್ಲಿ ಹೊಡೆತ, ಬೆದರಿಕೆ ಅಥವಾ ಲೈಂಗಿಕ ದೌರ್ಜನ್ಯವಿದ್ದಲ್ಲಿ ಒಟ್ಟಿಗೆ ಕುಳಿತು ಮಾತನಾಡುವುದು ಅಪಾಯಕಾರಿಯಾಗಬಹುದು. ಅಲ್ಲಿ ಆಡಿದ ಮಾತಿಗೆ ಮನೆಗೆ ಮರಳಿದ ನಂತರ ಶಿಕ್ಷೆ ಅನುಭವಿಸಬೇಕಾದೀತು. ಇಂತಹ ಸಂದರ್ಭದಲ್ಲಿ ಸುರಕ್ಷತೆಯೇ ಮೊದಲು. ನೊಂದವರು ಒಬ್ಬರೇ ಬಂದು ಮಾತನಾಡಬಹುದು. ಜೊತೆಯಲ್ಲಿ ಕುಳಿತುಕೊಳ್ಳಲು ನಿರಾಕರಿಸಬಹುದು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಹಾಗೂ ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು.

ಸೇವೆ ಪಡೆಯುವ ವಿಧಾನ
ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಿ, ತಜ್ಞರು ಲಭ್ಯವಿರುವ ದಿನವನ್ನು ಮುಂಚಿತವಾಗಿ ವಿಚಾರಿಸಬೇಕು. ಹಿಂದಿನ ಚಿಕಿತ್ಸೆಯ ಚೀಟಿಗಳಿದ್ದಲ್ಲಿ ಜೊತೆಗೆ ತರುವುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು.

ಮನೆಯವರು ಬರಲು ಒಪ್ಪಲಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ದೂರ ಉಳಿಯಬೇಕಾಗಿಲ್ಲ. ಒಬ್ಬರೇ ಬಂದರೂ ಸಮಾಲೋಚನೆಯನ್ನು ಆರಂಭಿಸಬಹುದಾಗಿದೆ.