ಹಲಗೆಯ ನೆಲಕ್ಕೆ ಅಂಟಿದ ಮೆತ್ತೆಯ ಶೇಷ

ನಮ್ಮ ಮೈಸೂರಿನ ಚಾಮರಾಜಪುರ, ಲಕ್ಷ್ಮೀಪುರ ಮೊದಲಾದ ಹಳೆಯ ಬಡಾವಣೆಗಳಲ್ಲಿ ಕೆಂಪು ಗಾರೆಯ ನೆಲವೇ ಬಹಳ. ಆದರೂ ಕೆಲವು ಹಳೆಯ ಮನೆಗಳ ಮಹಡಿಗೆ ತೇಗದ ಹಲಗೆಯನ್ನು ಹಾಸಿರುವುದುಂಟು. ಇಂತಹ ನೆಲದ ಮೇಲೆ ರತ್ನಗಂಬಳಿಯನ್ನೂ ಅದರಡಿಯಲ್ಲಿ ರಬ್ಬರಿನ ಇಲ್ಲವೇ ಸ್ಪಂಜಿನ ಮೆತ್ತೆಯನ್ನೂ ಹಾಸಿದ್ದರೆ, ವರ್ಷಗಳು ಕಳೆದ ಬಳಿಕ ಕಂಬಳಿ ಸುಲಭವಾಗಿ ಏಳುವುದು, ಮೆತ್ತೆ ಏಳದು. ಗಾಳಿಯ ಆಮ್ಲಜನಕದಿಂದಲೂ ಮಳೆಗಾಲದ ತೇವದಿಂದಲೂ ಅದು ಶಿಥಿಲವಾಗಿ, ಒಂದೆಡೆ ಪುಡಿಯಾಗಿ, ಇನ್ನೊಂದೆಡೆ ಜಿಗುಟಾಗಿ ಮರವನ್ನು ಕಚ್ಚಿಕೊಂಡಿರುವುದು. ಇದನ್ನು ಬಿಡಿಸುವ ಬಗೆಯೇನೆಂಬುದು ಇಂದಿನ ವಿಷಯ.

ನಾವೂ ಒಮ್ಮೆ ಈ ಕಾರ್ಯಕ್ಕೆ ಆತುರದಿಂದ ಕೈಹಾಕಿ ಪಶ್ಚಾತ್ತಾಪಪಟ್ಟವರೇ. ಕೊಡಗಟ್ಟಲೆ ನೀರು ಸುರಿದು, ಕಬ್ಬಿಣದ ತಂತಿಯ ಉಂಡೆಯಿಂದ ಬಲವಾಗಿ ಉಜ್ಜಿದೆವು. ಅಂಟೇನೋ ಹೋಯಿತು, ಆದರೆ ಮರುದಿನ ಹಲಗೆಯ ಮೇಲೆ ಮಸಿ ಚೆಲ್ಲಿದಂತೆ ಕಪ್ಪು ಕಲೆಗಳು ಎದ್ದವು. ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥವು ನೀರಿನಲ್ಲಿ ಕಬ್ಬಿಣದೊಡನೆ ಕೂಡಿದರೆ ಕಪ್ಪಾಗುವುದು. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದ ಅಂಶದಿಂದ ಶಾಯಿ ಮಾಡುತ್ತಿದ್ದುದೂ ಇದೇ ತತ್ತ್ವದಿಂದ. ನಾವು ನಮ್ಮ ನೆಲದ ಮೇಲೆಯೇ ಶಾಯಿ ತಯಾರಿಸಿದ್ದೆವು!

ಆದಕಾರಣ ಮೊದಲನೆಯ ನಿಯಮ: ಅತಿ ಮೃದುವಾದ ಉಪಾಯದಿಂದ ಆರಂಭಿಸಿ, ಅದು ಸೋತಲ್ಲಿ ಮಾತ್ರ ಮುಂದಿನದಕ್ಕೆ ಹೋಗತಕ್ಕದ್ದು. ಯಾವುದನ್ನೇ ಆಗಲಿ, ಬೀರು ನಿಲ್ಲುವ ಮೂಲೆಯಲ್ಲಿ ಅಂಗೈಯಗಲ ಮಾಡಿ ನೋಡಿದ ಮೇಲೆಯೇ ನಡುಮನೆಗೆ ಬರತಕ್ಕದ್ದು.

ಕೆಲಸಕ್ಕೆ ಮುನ್ನ ಅಂಟಿನ ಬಣ್ಣವನ್ನು ನೋಡಬೇಕು. ಅದು ಡಾಮರಿನಂತೆ ಕಪ್ಪಾಗಿದ್ದರೆ ಕೈ ತಡೆಯಿರಿ. ಹಳೆಯ ಕಾಲದ ಇಂತಹ ಕೆಲವು ಅಂಟುಗಳಲ್ಲಿ ಆಸ್ಬೆಸ್ಟಾಸ್ ನಾರು ಬೆರೆತಿರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದು. ಪರೀಕ್ಷೆ ಮಾಡಿಸದೆ ಅದನ್ನು ಹೆರೆಯಲೂ ಉಜ್ಜಲೂ ಬಾರದು.

ಬೇರೆ ಬಗೆಯ ಅಂಟಾದರೆ, ಮೊದಲು ಉಳಿದ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಪುಡಿಯನ್ನು ಗುಡಿಸಿ, ಅಂಚು ಮೊಂಡಾದ ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಮರದ ಎಳೆಯ ನೇರಕ್ಕೆ ಹೆರೆಯಬೇಕು. ಅಡ್ಡಲಾಗಿ ಹೆರೆದರೆ ಗೀರು ಬೀಳುವುದು. ಕಾರ್ಯದ ಬಹುಭಾಗ ಇಷ್ಟರಿಂದಲೇ ಮುಗಿಯುವುದುಂಟು. ಜಿಗುಟಾದ ರಬ್ಬರಿದ್ದಲ್ಲಿ, ಮಂಜುಗಡ್ಡೆಯನ್ನು ನೀರು ಸೋರದ ಚೀಲದಲ್ಲಿಟ್ಟು ಕೆಲವು ನಿಮಿಷ ಒತ್ತಿದರೆ, ಅದು ಗಡುಸಾಗಿ ಚಕ್ಕೆಯಂತೆ ಏಳುವುದು. ನೀರಿಗೆ ಕರಗುವ ಅಂಟಾಗಿದ್ದರೆ, ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಹೊದಿಸಿ, ಮೆದುವಾದೊಡನೆ ತೆಗೆದು, ನೆಲವನ್ನು ಒಣಗಿಸಬೇಕು. ನೀರು ನಿಂತರೆ ಹಲಗೆ ಉಬ್ಬುವುದು.

ಇವೆರಡಕ್ಕೂ ಬಗ್ಗದ ಶೇಷಕ್ಕೆ ಟರ್ಪೆಂಟೈನ್ ಉಪಯೋಗಿಸಬಹುದು. ಅದನ್ನು ನೆಲಕ್ಕೆ ಸುರಿಯದೆ ಬಟ್ಟೆಗೆ ಹಚ್ಚಿ ಒರಸಬೇಕು. ಕಿಟಕಿ ಬಾಗಿಲುಗಳು ತೆರೆದಿರಲಿ. ಒಲೆ, ದೀಪ, ಬೀಡಿ ಹತ್ತಿರ ಬೇಡ. ಮರದ ಹಳೆಯ ಅರಮನೆಯನ್ನು 1897ರಲ್ಲಿ ಬೆಂಕಿಗೆ ಕಳೆದುಕೊಂಡ ಊರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಉಪ್ಪು ಕಾಗದದ ಯಂತ್ರವನ್ನು ತರಿಸಿ ಒಂದೇ ದಿನದಲ್ಲಿ ಮುಗಿಸೋಣವೆಂಬ ಆಸೆ ಸಹಜವಾದುದು. ಆದರೆ ಜಿಗುಟು ಉಳಿದಿದ್ದರೆ ಅದು ಯಂತ್ರದ ಬಿಸಿಗೆ ಕರಗಿ ಕಾಗದವನ್ನು ಕಟ್ಟಿಹಾಕುವುದು, ಮರದ ರಂಧ್ರಗಳಿಗೂ ಇಳಿಯುವುದು. ಅಲ್ಲದೆ ಪ್ರತಿ ಸಲದ ಉಜ್ಜುವಿಕೆಯೂ ಹಲಗೆಯ ದಪ್ಪದಲ್ಲಿ ಒಂದಿಷ್ಟನ್ನು ಕೊಂಡೊಯ್ಯುವುದು. ಹೋದುದು ಮರಳಿ ಬಾರದು.

ಕಡೆಯದಾಗಿ ಹೊಳಪಿನ ಮಾತು. ಹಳೆಯ ಹೊಳಪು ಅರಗಿನದಾಗಿದ್ದರೆ ಸ್ಪಿರಿಟ್ಟಿನ ಒಂದು ತೊಟ್ಟಿಗೆ ಅದು ಮೆದುವಾಗುವುದು. ಆದುದರಿಂದ ಅಂಟು ತೆಗೆಯಲು ಸ್ಪಿರಿಟ್ಟನ್ನು ಬಳಸಬಾರದು. 1937ರಲ್ಲಿ ಅರಗಿನ ಹೆಸರಿನಲ್ಲಿಯೇ ಒಂದು ಕಾರ್ಖಾನೆಯನ್ನು ಸ್ಥಾಪಿಸಿದ ನಗರ ನಮ್ಮದು. ಇಲ್ಲಿ ಅರಗಿನ ಮೆರುಗನ್ನು ಬಲ್ಲ ಬಡಗಿಗಳನ್ನು ವಿಚಾರಿಸಿ ಹೊಸ ಲೇಪವನ್ನು ಕೊಡಿಸುವುದು ಯುಕ್ತ. ಅಗಸೆ ಎಣ್ಣೆಯನ್ನು ಹಚ್ಚುವುದಾದರೆ, ಒರಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆಯಬೇಡಿರಿ. ಅವು ತಾವಾಗಿಯೇ ಕಾದು ಹೊತ್ತಿಕೊಳ್ಳಬಲ್ಲವು. ಬಯಲಿನಲ್ಲಿ ಹರಡಿ ಒಣಗಿಸಿರಿ.

ಇಷ್ಟೆಲ್ಲ ಮಾಡಿದರೂ ಅಲ್ಲೊಂದು ಇಲ್ಲೊಂದು ಮಚ್ಚೆ ಉಳಿಯಬಹುದು. ಉಳಿಯಲಿ. ನಮ್ಮ ಮಹಡಿಯ ಕಪ್ಪು ಕಲೆಗಳೂ ಹಾಗೆಯೇ ಇವೆ. ಅವನ್ನು ಕಳೆಯಲು ಹಲಗೆಯನ್ನೇ ಸವೆಸುವುದಕ್ಕಿಂತ, ಹಿರಿಯರು ಹಾಸಿದ ಮರವನ್ನು ಕಲೆಯ ಸಹಿತವಾಗಿಯೇ ಮಕ್ಕಳಿಗೆ ಒಪ್ಪಿಸುವುದು ಮೇಲೆಂದು ನಾವು ತಿಳಿದಿದ್ದೇವೆ.