ಒಂದೇ ಈಡಿನ ಬೇಟೆ: ತಪ್ಪು ಕಲ್ಪನೆ ಮತ್ತು ಸತ್ಯ

ನಳಿಗೆಯ ಬಾಯಿಯಿಂದಲೇ ಮದ್ದು, ಗುಂಡುಗಳನ್ನು ತುಂಬಿ ಗಜದ ಕೋಲಿನಿಂದ ಕೆಳಕ್ಕೆ ತಳ್ಳಿ ಹೊಡೆಯುವ ಕೋವಿಗೆ ಅಮೆರಿಕದಲ್ಲಿ ಮಜಲ್‌ಲೋಡರ್ ಎಂದು ಹೆಸರು. ಮಲೆನಾಡಿನ ಕೇಪಿನ ಕೋವಿ ಇದೇ ವರ್ಗಕ್ಕೆ ಸೇರಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧವಾಗಿದ್ದರೆ, ಅಮೆರಿಕದ ರಾಜ್ಯಗಳು ಬಿಳಿಬಾಲದ ಜಿಂಕೆ ಮತ್ತು ಕಾಡು ಟರ್ಕಿ ಕೋಳಿಯ ಬೇಟೆಗೆ ಪರವಾನಗಿ, ಮಿತಿ, ಅವಧಿಗಳನ್ನು ಗೊತ್ತುಪಡಿಸಿವೆ. ಪೆನ್ಸಿಲ್ವೇನಿಯಾದಲ್ಲಿ ಚಕಮಕಿ ಕೋವಿಗೆಂದೇ 1974ರಿಂದ ಪ್ರತ್ಯೇಕ ಜಿಂಕೆ ಬೇಟೆಯ ಅವಧಿ ಇದೆ. ಇಂತಹ ಅವಧಿಯ ಯಶಸ್ಸು ಕೋವಿಯ ಬಲಕ್ಕಿಂತ ಬೇಟೆಗಾರನ ಸಂಯಮವನ್ನೇ ಹೆಚ್ಚು ಅವಲಂಬಿಸಿದೆ ಎಂಬುದು ಮುಂದಿನ ಸಂಗತಿಗಳಿಂದ ಸ್ಪಷ್ಟವಾಗುತ್ತದೆ.

ತಪ್ಪು ಕಲ್ಪನೆ: ಮಜಲ್‌ಲೋಡರ್ ಗುರಿ ನಿಲ್ಲದ ಹಳೆಯ ಕಾಲದ ಕೋವಿ.

ಸತ್ಯ: ನಳಿಗೆಯ ಒಳಮೈಯಲ್ಲಿ ತಿರುಚಿಕೊಂಡು ಸಾಗುವ ತೋಡುಗಳಿದ್ದರೆ ಗುಂಡು ತನ್ನ ಸುತ್ತ ತಿರುಗುತ್ತಾ ನೇರವಾಗಿ ಹಾರುತ್ತದೆ. ಅರ್ಧ ಇಂಚು ಅಗಲದ ನಳಿಗೆಗೆ ಅದಕ್ಕಿಂತ ತುಸು ಚಿಕ್ಕದಾದ ಸೀಸದ ಗುಂಡನ್ನು ಆರಿಸಿ, ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ಇಳಿಸಿದಾಗ ಆ ಬಟ್ಟೆಯೇ ತೋಡುಗಳನ್ನು ಕಚ್ಚಿ ಹಿಡಿಯುತ್ತದೆ. ದುಂಡು ಗುಂಡು ಗಾಳಿಯಲ್ಲಿ ಬೇಗನೆ ವೇಗ ಕಳೆದುಕೊಳ್ಳುವುದರಿಂದ, ಜಿಂಕೆಯನ್ನು ನೂರು ಗಜದೊಳಗೆ ಬರಗೊಟ್ಟು ಹೃದಯ ಮತ್ತು ಶ್ವಾಸಕೋಶದ ಭಾಗಕ್ಕೆ ಗುರಿಯಿಡುವುದು ವಾಡಿಕೆ.

ತಪ್ಪು ಕಲ್ಪನೆ: ಮದ್ದು ಹೆಚ್ಚು ತುಂಬಿದಷ್ಟೂ ಫಲ ಹೆಚ್ಚು.

ಸತ್ಯ: ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ ಸೇರಿದ ಕರಿಮದ್ದನ್ನು ಮಿತಿಮೀರಿ ತುಂಬಿದರೆ ಅದರ ಒಂದಂಶ ಉರಿಯದೆಯೇ ಹೊರಬೀಳುತ್ತದೆ, ಒದೆತ ಹೆಚ್ಚಿ ಗುರಿ ಕೆಡುತ್ತದೆ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂರದೆ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು ಅಥವಾ ಸೀಳಬಹುದು. ಕರಿಮದ್ದಿಗೆಂದು ಮಾಡಿದ ಕೋವಿಗೆ ಆಧುನಿಕ ಹೊಗೆರಹಿತ ಮದ್ದನ್ನು ತುಂಬುವುದು ಪ್ರಾಣಕ್ಕೇ ಅಪಾಯ.

ತಪ್ಪು ಕಲ್ಪನೆ: ಜಿಂಕೆಗೂ ಟರ್ಕಿ ಕೋಳಿಗೂ ಬೇಟೆಯ ಕ್ರಮ ಒಂದೇ.

ಸತ್ಯ: ಜಿಂಕೆಗೆ ಒಂಟಿ ಗುಂಡು ಬಳಸಿದರೆ, ಟರ್ಕಿಗೆ ಸಾಮಾನ್ಯವಾಗಿ ತೋಡಿಲ್ಲದ ನಳಿಗೆಯಲ್ಲಿ ಚರೆ, ಅಂದರೆ ಸಣ್ಣ ಸೀಸದ ಕಾಳುಗಳನ್ನು ತುಂಬಿ, ಹಕ್ಕಿ ಮೂವತ್ತು ಗಜದಷ್ಟು ಸಮೀಪ ಬಂದ ಮೇಲೆ ತಲೆ ಮತ್ತು ಕತ್ತಿಗೆ ಗುರಿಯಿಡುತ್ತಾರೆ. ಕಿತ್ತಳೆ ಬಣ್ಣವನ್ನು ಸ್ಪಷ್ಟವಾಗಿ ಗುರುತಿಸಲಾರದ ಜಿಂಕೆಯ ಮುಂದೆ ಬೇಟೆಗಾರ ಆ ಬಣ್ಣದ ಸುರಕ್ಷತಾ ಅಂಗಿ ತೊಡಬಹುದು. ಬಣ್ಣಗಳನ್ನು ಚೆನ್ನಾಗಿ ಕಾಣುವ ಟರ್ಕಿಯ ಮುಂದೆ ಮೈಯನ್ನೆಲ್ಲ ಮರೆಮಾಚಿ ಕದಲದೆ ಕೂರಬೇಕು. ವಸಂತದಲ್ಲಿ ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿಯಿಂದ ಹೊಳೆಯುವುದರಿಂದ, ಇನ್ನೊಬ್ಬ ಬೇಟೆಗಾರ ಹಕ್ಕಿಯೆಂದು ಭ್ರಮಿಸಿ ಹೊಡೆಯದಂತೆ ಆ ಮೂರು ಬಣ್ಣಗಳ ಬಟ್ಟೆಯನ್ನು ದೂರವಿಡುತ್ತಾರೆ.

ತಪ್ಪು ಕಲ್ಪನೆ: ಬೇಟೆಗೆ ಅವಕಾಶವಿದ್ದರೆ ಸಂತತಿ ಅಳಿಯುವುದು ಖಚಿತ.

ಸತ್ಯ: ಮಾರಾಟಕ್ಕಾಗಿ ನಡೆದ ಮಿತಿಯಿಲ್ಲದ ಬೇಟೆ ಮತ್ತು ಕಾಡಿನ ನಾಶದಿಂದ 1900ರ ಹೊತ್ತಿಗೆ ಬಿಳಿಬಾಲದ ಜಿಂಕೆಗಳು ಅಂದಾಜು 5 ಲಕ್ಷಕ್ಕೆ ಇಳಿದಿದ್ದವು; ಈಗ ಅವು ಸುಮಾರು 3 ಕೋಟಿ ಇವೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯು ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಪುನರುಜ್ಜೀವನಕ್ಕೆ ಮೀಸಲಿಟ್ಟಿತು. ಸಾಕಿ ಬಿಟ್ಟ ಟರ್ಕಿಗಳು ಕಾಡಿನಲ್ಲಿ ಬಾಳದೆ ಹೋದಾಗ, 1950ರ ದಶಕದಿಂದ ಕಾಡಿನ ಹಕ್ಕಿಗಳನ್ನೇ ಹಾರುಬಲೆಗಳಲ್ಲಿ ಹಿಡಿದು ಅವು ಅಳಿದುಹೋಗಿದ್ದ ನೆಲೆಗಳಿಗೆ ಸಾಗಿಸಲಾಯಿತು. ವಸಂತದ ಬೇಟೆ ಬಹುಮಟ್ಟಿಗೆ ಗಂಡುಗಳಿಗೆ ಸೀಮಿತವಾಗಿದ್ದು, ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುವುದರಿಂದ ಮತ್ತು ಕಾವು ಕೂತು ಮರಿ ಬೆಳೆಸುವುದು ಹೆಣ್ಣೇ ಆದುದರಿಂದ ಮುಂದಿನ ಪೀಳಿಗೆಗೆ ಧಕ್ಕೆ ಕಡಿಮೆ.

ಒಂದು ಈಡು ಮುಗಿದರೆ ಮತ್ತೆ ಮದ್ದು ಅಳೆದು, ಗುಂಡಿಳಿಸಿ, ಕಿಡಿ ಹೊತ್ತಿಸುವ ಕೇಪು ಇಡುವಷ್ಟರಲ್ಲಿ ಪ್ರಾಣಿ ಕಣ್ಮರೆಯಾಗಿರುತ್ತದೆ. ಆದ್ದರಿಂದ ಗುರಿ ಖಚಿತವಾಗದಿದ್ದಾಗ ಕೋವಿಯ ಕುದುರೆ ಎಳೆಯದೆ ಕಾಯುವ ಬೇಟೆಗಾರನೇ ಪ್ರಾಣಿ ಗಾಯಗೊಂಡು ನರಳುವುದನ್ನು ತಪ್ಪಿಸುತ್ತಾನೆ. ಬರಿಗೈಯಲ್ಲಿ ಮನೆಗೆ ಮರಳಿದರೂ ಅವನ ಆ ದಿನ ವ್ಯರ್ಥವೆನಿಸದು.