ಮೊದಲ ಮಾತಿನ ಅಂಜಿಕೆ

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತುವ ಎಷ್ಟೋ ಮಕ್ಕಳು ಇಂಗ್ಲಿಷ್ ವ್ಯಾಕರಣದಲ್ಲಿ ಹಿಂದುಳಿದವರಲ್ಲ. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಪ್ಪಿಲ್ಲದೆ ಬದಲಿಸಿ ಬರೆಯಬಲ್ಲರು. ಆದರೆ ಅಪರಿಚಿತರೊಬ್ಬರು ಆ ಭಾಷೆಯಲ್ಲಿ ಹೆಸರು, ಊರು ಕೇಳಿದೊಡನೆ ಅವರ ಗಂಟಲು ಕಟ್ಟುತ್ತದೆ. ಇದು ಅರಿವಿನ ಕೊರತೆಯಲ್ಲ, ಅಂಜಿಕೆ. ತರಗತಿಯಲ್ಲಿ ಸಂದೇಹ ಕೇಳಲಾಗದೆ, ಸಂದರ್ಶನದಲ್ಲಿ ಬಲ್ಲದ್ದನ್ನೂ ಹೇಳಲಾಗದೆ ಜಾಣ ಮಕ್ಕಳು ಹಿಂದೆ ಉಳಿಯುವುದು ಇದರಿಂದಲೇ.

ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಷನ್ 1982ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ಚರ್ಚಿಸಿದ್ದಾರೆ. ಭಯ, ಆತಂಕಗಳು ಮನಸ್ಸಿಗೆ ಅಡ್ಡಗೋಡೆಯಾಗಿ ನಿಂತಾಗ ಕಿವಿಗೆ ಬಿದ್ದ ಭಾಷೆ ಒಳಗಿಳಿಯದು ಎಂಬುದು ಅವರ ಅಭಿಪ್ರಾಯ. ಆ ಗೋಡೆಯನ್ನು ಕೆಡವಲೆಂದೇ ಶಿಕ್ಷಕರು ತರಗತಿಯ ಮೊದಲ ದಿನಗಳಲ್ಲಿ ಕೆಲವು ಮಾತಿನ ಆಟಗಳನ್ನು ಆಡಿಸುತ್ತಾರೆ. ಹೆಪ್ಪುಗಟ್ಟಿದ ಮೌನವನ್ನು ಒಡೆಯುವುದರಿಂದ ಇವುಗಳಿಗೆ 'ಐಸ್ ಬ್ರೇಕರ್' ಎಂದು ಹೆಸರು.

ಒಂದು ಆಟದಲ್ಲಿ ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡಲಾಗುತ್ತದೆ. ಈಜು ಬಲ್ಲವರು, ಇಬ್ಬರು ಅಣ್ಣಂದಿರು ಇರುವವರು, ಬೆಳಗ್ಗೆ ಐದಕ್ಕೆ ಏಳುವವರು ಎಂದು ಅದರಲ್ಲಿ ಬರೆದಿರುತ್ತದೆ. ಅಂಥವರನ್ನು ಇಂಗ್ಲಿಷಿನಲ್ಲೇ ವಿಚಾರಿಸಿ ಹುಡುಕಬೇಕು. 'ಕ್ಯಾನ್ ಯೂ ಸ್ವಿಮ್?' ಎಂಬ ಒಂದೇ ಪ್ರಶ್ನೆಯನ್ನು ಹತ್ತು ಜನರಿಗೆ ಕೇಳುವಷ್ಟರಲ್ಲಿ ನಾಲಗೆ ಪಳಗುತ್ತದೆ. ಇನ್ನೊಂದು ಆಟದಲ್ಲಿ ತನ್ನ ಬಗ್ಗೆ ಎರಡು ನಿಜ, ಒಂದು ಸುಳ್ಳು ಹೇಳಬೇಕು. ಉಳಿದವರು ಪ್ರಶ್ನೆ ಕೇಳಿ ಸುಳ್ಳನ್ನು ಪತ್ತೆಹಚ್ಚಬೇಕು.

ಈ ಆಟಗಳ ಗುಟ್ಟು ಸರಳವಾದುದು. ಲೇಖನಿಯನ್ನು ಹಿಡಿದು 'ಇದೇನು?' ಎಂದು ಕೇಳಿದರೆ ಉತ್ತರ ಇಬ್ಬರಿಗೂ ಗೊತ್ತು. ಅಲ್ಲಿ ಮಾತಿಗೆ ಅಗತ್ಯವೇ ಇಲ್ಲ. ಕೇಳುವವನಿಗೆ ಉತ್ತರ ತಿಳಿಯದಿದ್ದಾಗ ಗಮನವೆಲ್ಲ ವಿಷಯದ ಮೇಲೆ ನಿಲ್ಲುತ್ತದೆ, ತಪ್ಪಿನ ಭಯ ಹಿಂದೆ ಸರಿಯುತ್ತದೆ. ಇದೇ ಬಗೆಯ ಚಿಂತನೆಗೆ ನಮ್ಮ ನಾಡಿನಲ್ಲಿಯೇ ಒಂದು ಹೆಸರಾಂತ ಪ್ರಯೋಗ ನಡೆದಿದೆ. ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ 1979ರಿಂದ 1984ರವರೆಗೆ ನಡೆದ 'ಬೆಂಗಳೂರು ಯೋಜನೆ'ಯಲ್ಲಿ ಶಾಲಾಮಕ್ಕಳಿಗೆ ವ್ಯಾಕರಣಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಸಮಸ್ಯೆ ಬಿಡಿಸಲು ಹೇಳಲಾಯಿತು. 1987ರಲ್ಲಿ ಪ್ರಭು ಅವರು ಪ್ರಕಟಿಸಿದ ಗ್ರಂಥದ ಮೂಲಕ ಈ ಪ್ರಯೋಗ ಹೊರದೇಶಗಳ ಶಿಕ್ಷಕರಿಗೂ ಪರಿಚಿತವಾಯಿತು.

ಮನೆಯಲ್ಲಿಯೂ ಈ ಅಭ್ಯಾಸ ಸಾಧ್ಯ. ರಾತ್ರಿಯ ಊಟವಾದ ಮೇಲೆ ಹತ್ತು ನಿಮಿಷ ಸಾಕು. ಚೀಟಿಗಳಲ್ಲಿ ಪ್ರಶ್ನೆ ಬರೆದು ಡಬ್ಬಿಯಲ್ಲಿಟ್ಟು ಒಬ್ಬೊಬ್ಬರಾಗಿ ಎತ್ತಲಿ. ಮೊದಲು ಇಬ್ಬಿಬ್ಬರೇ ಮಾತನಾಡಲಿ, ಎಲ್ಲರೆದುರು ಒಬ್ಬರನ್ನೇ ನಿಲ್ಲಿಸುವುದು ಬೇಡ. ಇಂಗ್ಲಿಷ್ ಬಾರದ ಹಿರಿಯರೂ ಜೊತೆಗೆ ಕಲಿಯಲು ಕುಳಿತರೆ ಮಕ್ಕಳ ಸಂಕೋಚ ಇನ್ನಷ್ಟು ಬೇಗ ಕರಗುತ್ತದೆ. ಮಾತಿನ ನಡುವೆ ತಿದ್ದಬಾರದು; ಮಗು ಹೇಳಿ ಮುಗಿಸಿದ ಬಳಿಕ ಅದೇ ವಾಕ್ಯವನ್ನು ಸರಿಯಾಗಿ ಒಮ್ಮೆ ಹೇಳಿದರಾಯಿತು.

ಪ್ರಶ್ನೆಗಳ ಆಯ್ಕೆಯಲ್ಲಿಯೂ ವಿವೇಕವಿರಲಿ. ನಮ್ಮಲ್ಲಿ ವಯಸ್ಸು, ಸಂಬಳ, ಮದುವೆಯ ವಿಚಾರ ಕೇಳುವುದು ಆತ್ಮೀಯತೆಯ ಗುರುತಾಗಬಹುದು. ಇಂಗ್ಲಿಷ್ ಮಾತಿನ ರೂಢಿಯಲ್ಲಿ ಹೊಸಬರನ್ನು ಹಾಗೆ ಕೇಳುವುದು ಸೌಜನ್ಯವೆನಿಸದು. ಪ್ರಯಾಣ, ಹವೆ, ಊಟ, ಆಟಗಳ ಮಾತಿನಿಂದ ತೊಡಗುವುದು ಲೇಸು.

ತಪ್ಪು ಮಾತಿಗೆ ಮನೆಯವರೇ ನಕ್ಕರೆ ಮಗು ಹೊರಗೆ ಬಾಯಿ ತೆರೆಯದು. ಮನೆಯಲ್ಲಿ ನಿರ್ಭಯವಾಗಿ ತಪ್ಪಿದ ಮಗುವೇ ನಾಳೆ ಸಭೆಯಲ್ಲಿ ತಲೆಯೆತ್ತಿ ಮಾತನಾಡೀತು.